ಅತ್ತೆ ಬಿಗಿಸದ ಬೋಲ್ಟು

ನಮ್ಮ ಸೋದರತ್ತೆಯ ಕೈಯಲ್ಲಿ ಮರುಜನ್ಮ ಪಡೆದ ಹಳೆಯ ಮೋಟಾರ್‌ಸೈಕಲ್ಲುಗಳು ಒಂದು ಡಜನ್ನಿಗೆ ಕಡಿಮೆಯಿಲ್ಲ; ಆದರೆ ಒಂದೇ ಒಂದನ್ನು ಬಿಟ್ಟರೆ ಮಿಕ್ಕ ಯಾವುದಕ್ಕೂ ಅವರು ಮೊದಲ ಕಿಕ್ ಹೊಡೆದವರಲ್ಲ. ತಿಂಗಳುಗಟ್ಟಲೆ ತುಕ್ಕಿನೊಡನೆ ಗುದ್ದಾಡಿ, ಸವೆದದ್ದನ್ನು ತುಂಬಿಸಿ, ಸೊಟ್ಟಗಾದದ್ದನ್ನು ನೆಟ್ಟಗೆ ಮಾಡಿ, ಎಲ್ಲವನ್ನೂ ಯಥಾಸ್ಥಾನದಲ್ಲಿ ಜೋಡಿಸಿ, ಪೆಟ್ರೋಲ್ ಟ್ಯಾಂಕಿನ ಒಂದೇ ಒಂದು ಬೋಲ್ಟನ್ನು ಸಡಿಲ ಬಿಟ್ಟು, ಅವರು ಗಾಡಿಯ ಯಜಮಾನನಿಗೆ ಹೇಳಿಕಳಿಸುತ್ತಾರೆ. ಆತ ಬಂದು ಆ ಬೋಲ್ಟನ್ನು ತಾನೇ ಬಿಗಿಸಬೇಕು, ತಾನೇ ಕಿಕ್ ಹೊಡೆಯಬೇಕು. ಹತ್ತು ಸಲಕ್ಕೂ ಎಂಜಿನ್ ಓಗೊಡದಿದ್ದರೆ ಹನ್ನೊಂದನೆಯದನ್ನೂ ಆತನೇ ಹೊಡೆಯಬೇಕು. ಅತ್ತೆ ಗೋಡೆಗೊರಗಿ, ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ತುಟಿ ಕಚ್ಚಿಕೊಂಡು ನೋಡುತ್ತಿರುತ್ತಾರೆ.

ಆ ಕೋಟಿನ ವಿಚಾರವನ್ನೂ ಹೇಳಬೇಕು. ಅದು ಒಂದು ಕಾಲಕ್ಕೆ ಬೆಳ್ಳಗಿತ್ತೆಂಬುದಕ್ಕೆ ಈಗ ಕಾಲರಿನ ಒಳಮಗ್ಗುಲು ಮಾತ್ರ ಸಾಕ್ಷಿ. ಅತ್ತೆ ಮೂವತ್ತೊಂದು ವರ್ಷ ಒಂದು ದಂತವೈದ್ಯಾಲಯದ ಹಿಂದಿನ ಕೋಣೆಯಲ್ಲಿ ಕಟ್ಟುಹಲ್ಲು ತಯಾರಿಸುತ್ತಿದ್ದವರು. ನಿವೃತ್ತರಾಗಿ ಬರುವಾಗ ಆ ಕೋಟನ್ನೂ, ಎರಡು ಡಬ್ಬಿ ಸೂಕ್ಷ್ಮವಾದ ಅರಗಳನ್ನೂ, ಕೂದಲೆಳೆಯಷ್ಟು ಅಂತರವನ್ನು ಬೆರಳ ತುದಿಯಲ್ಲೇ ಅಳೆಯುವ ವಿದ್ಯೆಯನ್ನೂ ಮನೆಗೆ ತಂದರು. ಬೀದಿಯ ಮಕ್ಕಳು ಅವರನ್ನು ‘ಹಲ್ಲಮ್ಮ’ ಎನ್ನುತ್ತಾರೆ. ಅತ್ತೆಗೆ ಗೊತ್ತು, ಗೊತ್ತಿದ್ದೇ ಆ ಮಕ್ಕಳನ್ನು ಕಂಡಾಗಲೆಲ್ಲ ಹಲ್ಲು ಕಿರಿದು ಹೆದರಿಸುತ್ತಾರೆ.

ಅವರ ಬಾಯಲ್ಲಿ ಯಾವ ಗಾಡಿಯೂ ಕೆಟ್ಟಿರುವುದಿಲ್ಲ, ‘ಮುನಿಸ್ಕೊಂಡಿರುತ್ತೆ’. ಬ್ರೇಕು ಮುನಿಸಿಕೊಳ್ಳುತ್ತದೆ, ಚೈನು ಮುನಿಸಿಕೊಳ್ಳುತ್ತದೆ, ಕಾರ್ಬುರೇಟರಂತೂ ಹುಟ್ಟಾ ಮುನಿಸುಗಾರ. ಬಿಚ್ಚಿದ ಬೋಲ್ಟುಗಳನ್ನು ಅವರು ಡಬ್ಬಿಗೆ ಹಾಕುವುದಿಲ್ಲ. ದಪ್ಪ ರಟ್ಟಿನ ಮೇಲೆ ಎಂಜಿನ್ನಿನ ಆಕಾರ ಬರೆದು, ಎಲ್ಲಿಂದ ಯಾವುದು ಬಂತೋ ಅಲ್ಲೇ ತೂತು ಮಾಡಿ ಸಿಕ್ಕಿಸುತ್ತಾರೆ. ಗ್ಯಾರೇಜಿನ ಗೋಡೆಯ ತುಂಬ ಅಂಥ ರಟ್ಟುಗಳು.

ಮೊದಲ ಕಿಕ್ಕಿನ ಈ ಹಟ ಮಾತ್ರ ನನ್ನ ತಲೆ ತಿನ್ನುತ್ತಿತ್ತು. ಇಷ್ಟು ಬೆವರು ಸುರಿಸಿದವರಿಗೆ ಆ ಮೊದಲ ಗುಡುಗುಡು ಸದ್ದನ್ನು ತಾವೇ ಎಬ್ಬಿಸಬೇಕೆಂಬ ಆಸೆ ಇರುವುದಿಲ್ಲವೇ? ಕೇಳಿದಾಗಲೆಲ್ಲ ಅತ್ತೆಯದು ಒಂದೇ ಉತ್ತರ: “ಅಲ್ವೋ ಪೆದ್ದು, ಹಲ್ಲಿನ ಸೆಟ್ಟನ್ನ ನಾನು ಒಂದ್ಸಲ ಹಾಕ್ಕೊಂಡು ನೋಡಿ ಆಮೇಲೆ ಕೊಡ್ತಿದ್ನಾ?” ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ನಗುವಿನಲ್ಲಿ ಪ್ರಶ್ನೆ ತೇಲಿಹೋಗುತ್ತಿತ್ತು. ಇದು ಜಾರಿಕೊಳ್ಳುವ ಉಪಾಯವೆಂದು ಹೊಳೆಯಲು ನನಗೆ ಎರಡು ವರ್ಷ ಬೇಕಾಯಿತು.

ಉತ್ತರವಿದ್ದದ್ದು ಗ್ಯಾರೇಜಿನ ಹೊರಗೆ, ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ. ಅಲ್ಲಿ ಮಾವ ಪತ್ರಿಕೆಯ ಪದಬಂಧ ತುಂಬಿಸುತ್ತ ಕೂತಿರುತ್ತಿದ್ದರು. ಮಾವ, ಅಂದರೆ ಅತ್ತೆಯ ಗಂಡ, ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಮಾತಿನಲ್ಲಿ ಜಿಪುಣ, ನಗುವಿನಲ್ಲಿ ಧಾರಾಳ. ಆ ಗ್ಯಾರೇಜು, ಆ ರಟ್ಟಿನ ಪದ್ಧತಿ ಎಲ್ಲ ಮೂಲತಃ ಅವರದೇ. ಗುಜರಿಯಿಂದ ತಂದ ಕಡುಹಸಿರು ಬಣ್ಣದ ಒಂಟಿ ಸಿಲಿಂಡರಿನ ಗಾಡಿಯೊಂದನ್ನು ಅವರು ಹನ್ನೊಂದು ವರ್ಷಗಳ ಭಾನುವಾರಗಳುದ್ದಕ್ಕೂ ಬಿಚ್ಚುತ್ತ, ಒರೆಸುತ್ತ, ಮತ್ತೆ ಬಿಚ್ಚುತ್ತ ಇದ್ದರು. “ಮುಗೀತಾ?” ಎಂದರೆ, “ಇನ್ನೇನು, ಮುಗೀತು.” ಹನ್ನೊಂದು ವರ್ಷವೂ ಅದೇ ಮಾತು.

ಒಮ್ಮೆ ಮಾವ ತಮ್ಮ ಅಕ್ಕನ ಮನೆ ಕಟ್ಟಿಸುವ ಉಸ್ತುವಾರಿಗೆಂದು ಒಂದು ತಿಂಗಳು ಬೇರೆ ಊರಿಗೆ ಹೋದರು. ಅತ್ತೆ ಆಗಷ್ಟೇ ನಿವೃತ್ತರಾಗಿದ್ದರು, ಕೈ ತುರಿಸುತ್ತಿತ್ತು. ಗಂಡ ಬರುವಷ್ಟರಲ್ಲಿ ಮುಗಿಸಿ ಬೆರಗುಗೊಳಿಸಬೇಕೆಂದು ಗ್ಯಾರೇಜಿಗೆ ನುಗ್ಗಿ, ಹನ್ನೊಂದು ವರ್ಷದ ಕೆಲಸವನ್ನು ಇಪ್ಪತ್ತಾರು ದಿನಗಳಲ್ಲಿ ಮುಗಿಸಿಬಿಟ್ಟರು. ಸಾಲದ್ದಕ್ಕೆ, ಮಾವನನ್ನು ಕರೆತರಲು ಬಸ್ ನಿಲ್ದಾಣಕ್ಕೆ ಅದರ ಮೇಲೆಯೇ ಹೋದರು. ಮಾವ ಗಾಡಿಯನ್ನು ಸುತ್ತುಹಾಕಿ ನೋಡಿ, “ಭೇಷ್, ಚೆನ್ನಾಗ್ ಮಾಡಿದೀಯ” ಎಂದು ಮನಸಾರೆ ನಕ್ಕು, ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬಂದರು. ಮುಂದಿನ ಭಾನುವಾರ ಅವರು ಗ್ಯಾರೇಜಿಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ ಹೋಗಲಿಲ್ಲ. ಕೋಪವಿಲ್ಲ, ತಾಪವಿಲ್ಲ, ಹೋಗಲು ಕಾರಣವೇ ಉಳಿದಿರಲಿಲ್ಲ, ಅಷ್ಟೆ. ಹೀಗೆ ಆರು ವರ್ಷ.

ಇದನ್ನು ಹೇಳುವಾಗ ಅತ್ತೆ ನನ್ನ ಮುಖ ನೋಡಲಿಲ್ಲ. “ಅವರ ಭಾನುವಾರಗಳನ್ನೆಲ್ಲ ನಾನೇ ತಿಂದುಹಾಕ್ದೆ ಕಣೋ,” ಎಂದರು. ಕಣ್ಣೊರೆಸಿಕೊಂಡಿದ್ದು ಎಣ್ಣೆಯ ಬಟ್ಟೆಯಿಂದ. ಕೆನ್ನೆಯ ಮೇಲೆ ಕರಿಯ ಗೀರು ಮೂಡಿತು.

ಮಾವನನ್ನು ಮರಳಿ ಒಳಗೆ ಕರೆತರಲು ಅವರು ಹೂಡದ ಆಟವಿರಲಿಲ್ಲ. ಒಂದು ದಿನ ಹಸಿರು ಗಾಡಿಯ ಪ್ಲಗ್ ವೈರನ್ನು ತಾವೇ ಕಿತ್ತಿಟ್ಟು, “ರೀ, ಇದ್ಯಾಕೋ ಮುನಿಸ್ಕೊಂಡಿದೆ, ಸ್ವಲ್ಪ ಬನ್ರಿ” ಎಂದು ಕೂಗಿದರು. ಮಾವ ಪತ್ರಿಕೆಯಿಂದ ತಲೆಯೆತ್ತಲಿಲ್ಲ. “ಕಿತ್ತಿಟ್ಟಿರೋ ವೈರ್ ಹಾಕು, ಸರಿಹೋಗುತ್ತೆ.” ನಾಟಕ ಅಲ್ಲಿಗೇ ಮಂಗಳ.

ಹೀಗಿರುವಾಗ ಬೇಕರಿಯವನ ಗಾಡಿ ಬಂತು. ಐದು ತಿಂಗಳ ದುಡಿಮೆಯಾಯಿತು. ಬೇಕರಿಯವನು ಬಂದು ಬೋಲ್ಟು ಬಿಗಿಸಿ, ಮೂರನೆಯ ಕಿಕ್ಕಿಗೇ ಹತ್ತಿಸಿ, ಮದುಮಗನ ಠೀವಿಯಲ್ಲಿ ಹೊರಟುಹೋದ. ಒಂದು ಗಂಟೆಯ ಮೇಲೆ ಅದನ್ನು ತಳ್ಳಿಕೊಂಡು ಬಂದ. ದಢೂತಿ ಮನುಷ್ಯ, ಮೈಯೆಲ್ಲ ಬೆವರು. ತಣ್ಣಗಿದ್ದಾಗ ಸಲೀಸಾಗಿ ಹತ್ತುವ ಗಾಡಿ ಇಪ್ಪತ್ತು ನಿಮಿಷ ಓಡಿದ ಮೇಲೆ ಗಕ್ಕನೆ ನಿಲ್ಲುತ್ತಿತ್ತು. ಅತ್ತೆ ಪ್ಲಗ್ ಬದಲಿಸಿದರು, ಕಾರ್ಬುರೇಟರ್ ತೊಳೆದರು, ಟ್ಯಾಂಕಿನ ಮುಚ್ಚಳದ ಗಾಳಿತೂತಿಗೆ ಸೂಜಿ ಹಾಕಿ ನೋಡಿದರು. ಮೂರು ವಾರ ಕಳೆಯಿತು. ಈ ಸಲ ನಾಟಕವಲ್ಲ. ಅತ್ತೆ ನಿಜವಾಗಿಯೂ ಸೋತಿದ್ದರು.

ಆ ಮಧ್ಯಾಹ್ನ ನಾನೂ ಅಲ್ಲಿದ್ದೆ. ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹತ್ತಿಸಿದ ಗಾಡಿ ಎಂದಿನಂತೆ ಓಡಿ, ಎಂದಿನಂತೆ ನಿಂತಿತು. ಅತ್ತೆ ಸ್ಟೂಲಿನ ಮೇಲೆ ಕುಸಿದರು. ಆಗ ಚಪ್ಪಲಿಯ ಸದ್ದು ಕೇಳಿಸಿತು. ಆರು ವರ್ಷದ ಮೇಲೆ ಮಾವ ಗ್ಯಾರೇಜಿನ ಹೊಸಿಲ ಮೇಲೆ ನಿಂತಿದ್ದರು.

“ದಿನಾ ಇಪ್ಪತ್ತೆರಡು ನಿಮಿಷ ಓಡ್ತಿತ್ತು. ಇವತ್ತು ಇಪ್ಪತ್ತೊಂದೇ,” ಎಂದರು. “ಬಿಸಿಲು ಜಾಸ್ತಿ ಅಲ್ವಾ.”

ಅಯ್ಯೋ ಪುಣ್ಯಾತ್ಮ! ಮೂರು ವಾರವೂ ಪದಬಂಧದ ಮರೆಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರೆಂದು ಆಗ ನಮಗೆ ತಿಳಿಯಿತು.

ಮಾವ ಬಗ್ಗಿ, ಪ್ಲಗ್ಗಿಗೆ ಕಿಡಿ ಒದಗಿಸುವ ಮ್ಯಾಗ್ನೆಟೋದ ಮೇಲೆ ಅಂಗೈಯಿಟ್ಟರು. “ಬಿಸಿ ಆದ್ರೆ ಸಾಯ್ತಿದೆ, ತಣ್ಣಗಾದ್ರೆ ಬದುಕ್ತಿದೆ. ಇದರೊಳಗೆ ಒಂದು ಪುಟ್ಟ ಕಂಡೆನ್ಸರ್ ಇರುತ್ತಲ್ಲ, ಅದನ್ನ ನೋಡಿದ್ಯಾ?”

ನೋಡಿರಲಿಲ್ಲ. ಅತ್ತೆಯ ಮುಖ ಬೆಳಗಿತು, ಉತ್ತರ ಸಿಕ್ಕಿಹೋಗಿತ್ತು. ಬಲಗೈ ತಾನಾಗಿ ಸ್ಕ್ರೂಡ್ರೈವರಿನತ್ತ ಹೊರಟದ್ದನ್ನು ನಾನು ಕಣ್ಣಾರೆ ಕಂಡೆ. ಅರ್ಧದಾರಿಯಲ್ಲಿ ಆ ಕೈ ನಿಂತಿತು, ಹಿಂದಕ್ಕೆ ಬಂತು, ಕೋಟಿನ ಜೇಬು ಸೇರಿತು.

“ಆ ಸಣ್ಣ ಕೆಲಸ ನನಗೆ ಬರಲ್ಲ ರೀ,” ಎಂದರು ಅತ್ತೆ. “ನೀವೇ ನೋಡಿ.”

ಮೂವತ್ತೊಂದು ವರ್ಷ ಹಲ್ಲಿನ ಸಂದುಗಳನ್ನು ಸರಿತೂಗಿಸಿದ ಕೈಗೆ ಸಣ್ಣ ಕೆಲಸ ಬರುವುದಿಲ್ಲವಂತೆ! ಮಾವ ಹೆಂಡತಿಯ ಮುಖವನ್ನು ಒಂದು ಗಳಿಗೆ ನೋಡಿದರು. ನಂಬಲಿಲ್ಲ, ಆದರೆ ಸ್ಟೂಲನ್ನು ಎಳೆದುಕೊಂಡರು.

ಒಂದು ದಿನದ ಆ ಕೆಲಸಕ್ಕೆ ಮಾವ ಒಂಬತ್ತು ದಿನ ತೆಗೆದುಕೊಂಡರು. ಅತ್ತೆ ಅಡುಗೆಮನೆಯಿಂದ ಕಿಟಕಿಗೂ ಕಿಟಕಿಯಿಂದ ಅಡುಗೆಮನೆಗೂ ಸುತ್ತಿದರೇ ಹೊರತು “ಮುಗೀತಾ?” ಎಂದು ಒಮ್ಮೆಯೂ ಕೇಳಲಿಲ್ಲ. ಅವರು ಪಟ್ಟ ಕಷ್ಟಗಳಲ್ಲೆಲ್ಲ ಇದೇ ದೊಡ್ಡದೆಂದು ನಾನು ಆಣೆಯಿಟ್ಟು ಹೇಳಬಲ್ಲೆ. ಬೇಕರಿಯವನು ಫೋನಿನ ಮೇಲೆ ಫೋನು ಮಾಡಿದಾಗ, “ನಮ್ಮನೆಯವರು ನೋಡ್ತಿದಾರೆ, ಸುಮ್ನಿರಿ” ಎಂದು ಅವನ ಬಾಯಿ ಮುಚ್ಚಿಸಿದರು.

ಬೇಕರಿಯವನ ಗಾಡಿ ಹೋದ ಮರುದಿನ ಭಾನುವಾರ. ಮಾವ ಹಸಿರು ಗಾಡಿಯ ಮುಂದೆ ನಿಂತು, “ಇದನ್ನ ಬಿಚ್ಚಿಬಿಡ್ಲಾ?” ಎಂದರು.

“ಚೆನ್ನಾಗೇ ಓಡ್ತಿದೆಯಲ್ರೀ, ಯಾಕೆ?”

“ಅದಕ್ಕೇ.”

ಅತ್ತೆ ಒಳಗೆ ಹೋಗಿ, ದೊಡ್ಡ ಪೆಟ್ಟಿಗೆಯೊಂದರ ಮಗ್ಗುಲು ಕತ್ತರಿಸಿ, ಹೊಸ ರಟ್ಟು ತಂದು ಅವರ ಮುಂದಿಟ್ಟರು.

ಹಳೆಯ ಯಂತ್ರಗಳಿಗೆ ಜೀವ ಕೊಡುವ ಈ ಜನರನ್ನು ನಾವು ಅವರ ಕೈಚಳಕಕ್ಕಾಗಿ ಹೊಗಳುತ್ತೇವೆ. ಕೈಚಳಕ ಅಭ್ಯಾಸದಿಂದ ಯಾರಿಗಾದರೂ ಬಂದೀತು. ಕೆಲಸ ಬಲ್ಲ ಕೈಯನ್ನು, ಇನ್ನೊಬ್ಬರ ಸುಖಕ್ಕಾಗಿ, ಜೇಬಿನೊಳಗೆ ಹಿಡಿದಿಡುವುದು ಅವರಲ್ಲಿಯೂ ಕೆಲವರಿಗಷ್ಟೇ ಬರುತ್ತದೆ. ಅದನ್ನು ಕಲಿಯುವಷ್ಟರಲ್ಲಿ ಯಾರದೋ ಒಂದಷ್ಟು ಭಾನುವಾರಗಳು ಹಾಳಾಗಿರುತ್ತವೆ. ಹಸಿರು ಗಾಡಿ ಎರಡು ವರ್ಷದಿಂದ ಬಿಚ್ಚಿಕೊಂಡೇ ಬಿದ್ದಿದೆ. ಮೊನ್ನೆ ನಾನು ತಡೆಯಲಾರದೆ “ಮುಗೀತಾ ಮಾವ?” ಎಂದುಬಿಟ್ಟೆ. ಮಾವನಿಗಿಂತ ಮೊದಲು, ಕಿಟಕಿಯಾಚೆಯಿಂದ, ಅತ್ತೆಯೇ ಉತ್ತರ ಕೊಟ್ಟರು: “ಇನ್ನೇನು, ಮುಗೀತು.”