ಹುಂಜದ ಕಾಲಡಿಯ ಮೊಟ್ಟೆ

ಸೆವರ್ನ್ ನದಿ ದಂಡೆಯ ಪಿಂಗಾಣಿ ಕಾರ್ಖಾನೆಯಲ್ಲಿ ಈನಕ್ ಟಿಪ್ಟನ್ ಹತ್ತೊಂಬತ್ತು ವರ್ಷಗಳಿಂದ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಚಹಾ ಬಟ್ಟಲುಗಳ ಮೇಲೆ ಹಕ್ಕಿ ಬರೆಯುತ್ತಿದ್ದ. ಯಾವ ಕಾಡಿನಲ್ಲೂ ಇಲ್ಲದ ಹಕ್ಕಿಗಳು. ಬಾಲ ಎಷ್ಟುದ್ದ ಎಳೆದರೂ ಕೇಳುವವರಿರಲಿಲ್ಲ. ಈಗ ದೊಡ್ಡ ಹೊಲದ ಒಡತಿ ಬೆಡೋಸಮ್ಮ ಚಹಾ ಹೂಜಿಯ ಮೇಲೆ ತನ್ನ ಹುಂಜವನ್ನೇ ಬರೆಸಬೇಕೆಂದು ಅದನ್ನು ಬುಟ್ಟಿಯಲ್ಲಿ ಹೊತ್ತು ತಂದಿದ್ದಳು.

"ಈ ಹೂಜಿ ಒಪ್ಪಿಗೆಯಾಗದೆ ವಾಪಸ್ ಬಂತೋ, ನೀನು ಮಣ್ಣು ತುಳಿಯೋ ಗುಂಡಿಗೆ ಇಳೀಬೇಕು. ಕಿಟಕಿ ಜಾಗ ನನ್ನ ಅಳಿಯಂಗೆ," ಎಂದ ಮೇಸ್ತ್ರಿ ಗಾರ್ಬೆಟ್.

ಈನಕ್ ನಾಲ್ಕು ದಿನ ಹುಂಜದ ಎದುರು ಕೂತು, ಬಾಲ ಎಳೆಯಲು ಹೋಗುವ ಕೈಯನ್ನು ತಡೆದು ತಡೆದು ಬರೆದ. ಬಣ್ಣ ಕೂರಲೆಂದು ಹೂಜಿಯನ್ನು ಆವಿಗೆಯಲ್ಲಿಟ್ಟು ಸುಟ್ಟು ತಂದಾಗ ಹುಂಜ ಹುಂಜದಂತೆಯೇ ಇತ್ತು. ಆದರೆ ಆವಿಗೆಯ ಬೂದಿ ಹಾರಿ ಅದರ ಕಾಲಡಿ ಒಂದು ಕಂದು ಚುಕ್ಕೆ ಕೂತಿತ್ತು.

ಚುಕ್ಕೆ ಬಿದ್ದಲ್ಲಿ ನೊಣವನ್ನೋ ಎಲೆಯನ್ನೋ ಬರೆದು ಮುಚ್ಚಿಬಿಡುವುದು ಅಲ್ಲಿನ ರೂಢಿ. ಈ ಚುಕ್ಕೆ ಉರುಟಾಗಿತ್ತು. ಈನಕ್‌ನ ಕೈ ತಾನಾಗಿ ಮೊಟ್ಟೆ ಬರೆಯಿತು.

ಪಕ್ಕದ ಬೆಂಚಿನ ಡಾರ್ಕಸ್ ಬಗ್ಗಿ ನೋಡಿ ಕುಂಚ ಕೆಳಗಿಟ್ಟಳು. "ಅಯ್ಯೋ ಈನಕ್ ಮಾವ! ಹುಂಜಕ್ಕೆ ಹೆರಿಗೆ ಸಲೀಸಾಗಿ ಆಯ್ತಾ?"

ಈನಕ್ ಮತ್ತೆ ಕುಂಚ ಎತ್ತಿಕೊಂಡ. ಮೊಟ್ಟೆಗೊಬ್ಬ ತಾಯಿ ಬೇಕಲ್ಲವೇ ಎಂದು ಪಕ್ಕದಲ್ಲಿ ಹೇಂಟೆ ಬರೆದು ಮತ್ತೆ ಸುಡಲು ಕಳಿಸಿದ. ಇನ್ನೆರಡು ಚುಕ್ಕೆ ಬಂದವು, ಅವು ಮರಿಗಳಾದವು. ಮತ್ತೆ ಸುಟ್ಟರೆ ದೊಡ್ಡದೊಂದು ಕಂದು ಕಲೆ. ಅದು ಇನ್ನೊಂದು ಹೇಂಟೆಯಾಯಿತು. ಆರನೆಯ ಸಲದ ಹೊತ್ತಿಗೆ ಹೂಜಿಯಲ್ಲಿ ಚುಕ್ಕೆ ಬೀಳಲು ಜಾಗವೇ ಉಳಿದಿರಲಿಲ್ಲ.

ಬೆಡೋಸಮ್ಮ ಬಂದು ಹೂಜಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗಾರ್ಬೆಟ್ ಆಗಲೇ ಕಿಟಕಿ ಬೆಂಚನ್ನು ಒರೆಸತೊಡಗಿದ್ದ.

"ಮೂರು ಕಂದು ಹೇಂಟೆ, ಒಂಬತ್ತು ಮರಿ. ಯಾರಪ್ಪಾ ನಿಂಗೆ ಹೇಳಿದ್ದು?" ಎಂದಳು ಬೆಡೋಸಮ್ಮ.

"ಯಾರೂ ಇಲ್ಲ ಅಮ್ಮಾವ್ರೇ, ಅದು ಬೂದಿ..."

"ಪಕ್ಕದ ಹೊಲದ ಪಾರ್ಫಿಟ್‌ನ ಹೇಂಟೆಗಳು ಕಣಯ್ಯಾ ಇವು, ಅವಕ್ಕೂ ಒಂಬತ್ತೇ ಮರಿ! ನಮ್ಮ ಹುಂಜ ಅವುಗಳ ಹತ್ರಾನೂ ಸುಳಿದಿಲ್ಲ, ಅದರ ಕೈಲಿ ಏನೂ ಆಗಲ್ಲ ಅಂತ ಊರೆಲ್ಲ ಸಾರ್ತಾನೆ. ಈ ಭಾನುವಾರ ಅವನನ್ನೇ ಚಹಾಕ್ಕೆ ಕರೆದು ಈ ಹೂಜೀಲೇ ಬಗ್ಗಿಸ್ತೀನಿ." ಅವಳ ಮುಖ ಅರಳಿತು. "ಹೂಜಿ ಜೊತೆಗೆ ಆರು ಬಟ್ಟಲೂ ಬರ್ಕೊಡು. ಇದೇ ಸಂಸಾರ. ಒಂದು ಮರೀನೂ ಆಚೀಚೆ ಆಗ್ಬಾರ್ದು."

ಗಾರ್ಬೆಟ್ ಒರೆಸುವ ಬಟ್ಟೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಈನಕ್ ತನ್ನ ಜಾಗದಲ್ಲಿ ಕೂತು, ಅಚ್ಚ ಬಿಳಿಯ ಬಟ್ಟಲೊಂದನ್ನು ಬೆಳಕಿಗೆ ಹಿಡಿದು, ಮೊಟ್ಟಮೊದಲಿಗೆ ಚುಕ್ಕೆಗಳನ್ನು ಇಡತೊಡಗಿದ.