ಮೂರು ಜನರ ಟೇಬಲ್

ಸತ್ತವರ ಫೋನನ್ನು ಯಾರಾದರೂ ದಿನಾ ಚಾರ್ಜಿಗೆ ಇಡುತ್ತಾರೆಯೇ? ವಾಮಂಜೂರಿನ ಅಪ್ಪಿಯಕ್ಕ ಇಡುತ್ತಿದ್ದರು. ಮಗಳು ಅಕ್ಷಿತಾ ಹೋಗಿ ತಿಂಗಳಾಗುತ್ತ ಬಂದಿತ್ತು. ಉತ್ತರಕ್ರಿಯೆಯ ಬೊಜ್ಜ ಮುಗಿದು, ದುಬೈಯಿಂದ ಓಡಿ ಬಂದಿದ್ದ ಮಗ ದೀಪೇಶ್ ವಾಪಸು ಹೋಗಿ, ನೆಂಟರೆಲ್ಲ ಧೈರ್ಯ ಹೇಳಿ ಬಸ್ಸು ಹತ್ತಿಯಾಗಿತ್ತು. ಫೋನು ಮಾತ್ರ ದೇವರ ಪಟದ ಕೆಳಗೆ ಉಳಿದಿತ್ತು. ಅದನ್ನು ತೆರೆಯುವ ನಂಬರು ಯಾರಿಗೂ ಗೊತ್ತಿರಲಿಲ್ಲ. ಕರೆ ಬಂದರೆ ಎತ್ತಬಹುದು, ಅಷ್ಟೆ. ಬರುವ ಕರೆಗಳಾದರೂ ಎಂಥವು! ಸಾಲ ಬೇಕಾ, ಕಾರ್ಡು ಬೇಕಾ. ಅಪ್ಪಿಯಕ್ಕ ಅವರಿಗೂ ಮರ್ಯಾದೆಯಿಂದಲೇ "ಅವಳಿಲ್ಲ" ಎನ್ನುತ್ತಿದ್ದರು.

ಶನಿವಾರ ಸಂಜೆ ಬಂದ ಕರೆ ಬೇರೆಯಾಗಿತ್ತು.

"ಅಕ್ಷಿತಾ ಮ್ಯಾಮ್ ಅಲ್ವಾ? ನಾನು ಆಶಿಕ್, ಬಿಜೈಯ ತೈವಾನ್ ರೆಸ್ಟೋರೆಂಟಿಂದ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ನಿಮ್ಮ ಟೇಬಲ್ ಉಂಟು, ಮೂರು ಜನರದ್ದು. ಊಟಕ್ಕೆ ಎಂತೆಂತ ಬೇಕು ಅಂತ ನೀವು ಆವತ್ತೇ ಹೇಳಿ ದುಡ್ಡು ಕೂಡ ಕಟ್ಟಿದ್ದೀರಿ. ಬರ್ತೀರಲ್ಲ?"

ಅಪ್ಪಿಯಕ್ಕ ಫೋನನ್ನು ಕಿವಿಗೆ ಒತ್ತಿಕೊಂಡರು. ಹೋಗುವ ಎರಡು ದಿನ ಮೊದಲು ಅಕ್ಷಿತಾ ತಲೆ ಒರೆಸಿಕೊಳ್ಳುತ್ತ ಹೇಳಿದ್ದಳು, "ಅಮ್ಮ, ಮುಂದಿನ ತಿಂಗಳು ಒಂದು ಭಾನುವಾರ ನಿನ್ನನ್ನು ಊಟಕ್ಕೆ ಕರ್ಕೊಂಡು ಹೋಗ್ಲಿಕ್ಕುಂಟು. ಆ ಹಸಿರು ಸೀರೆ ಉಡು ಮಾರಾಯ್ತಿ. ಆ ಬೂದಿ ಬಣ್ಣದ್ದು ಉಟ್ಟರೆ ನಾನು ಬರುದಿಲ್ಲ."

"ಎಂತ ವಿಶೇಷ?"

"ಅಲ್ಲಿ ಹೇಳ್ತೇನೆ."

"ಇಲ್ಲೇ ಹೇಳಿದ್ರೆ ಎಂತ, ಬಾಯಿ ಸವೀತದಾ?"

ಅವಳು ನಕ್ಕು ಸ್ಕೂಟರು ಹತ್ತಿ ಅತ್ತಾವರದ ಆಸ್ಪತ್ರೆಯ ಡ್ಯೂಟಿಗೆ ಹೋಗಿದ್ದಳು. ಆ ಮಾತು ಅಲ್ಲಿಗೇ ನಿಂತಿತ್ತು.

"ಬರ್ತೇವೆ" ಎಂದರು ಅಪ್ಪಿಯಕ್ಕ ಫೋನಿಗೆ.

ರಾತ್ರಿಯಿಡೀ ಅವರಿಗೆ ಒಂದೇ ಚಿಂತೆ. ಮಗಳು ಹೇಳಬೇಕೆಂದಿದ್ದ ಆ ಮಾತು ಯಾವುದು? ಮೂರನೆಯವರು ಯಾರು? ಗಂಡ ಬೂಬ, ಮಗಳು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದ. ದೀಪೇಶನಿಗೆ ರಜೆಯಿರಲಿಲ್ಲ. ಅದೂ ಅಲ್ಲದೆ ಮೂವರು ಹೊರಟರೆ ಕೆಲಸ ಮೂರಾಬಟ್ಟೆ ಎಂದು ಬುದ್ಧಿ ಬಂದಾಗಿನಿಂದ ಕೇಳಿಕೊಂಡೇ ಬೆಳೆದ ಹುಡುಗಿ ಅದು. ಬಟ್ಟಲಿಗೆ ಮೂರು ದೋಸೆ ಹಾಕಿದರೆ ಅಮ್ಮ ಓಡಿ ಬಂದು ನಾಲ್ಕನೆಯದು ಹಾಕುತ್ತಾಳೆಂದು ತಮಾಷೆ ಮಾಡುತ್ತಿದ್ದವಳು. ಅಂಥವಳು ಮೂರು ಜನರ ಟೇಬಲ್ ಹಿಡಿದಿದ್ದಾಳೆಂದರೆ ಸುಮ್ಮನೆ ಅಲ್ಲ.

ದೀಪೇಶನಿಗೆ ಅವರು ಹೇಳಲಿಲ್ಲ. ಹೇಳಿದರೆ ಅಮ್ಮನಿಗೆ ತಲೆ ಕೆಟ್ಟಿದೆ ಎಂದು ಅಲ್ಲಿಂದಲೇ ಡಾಕ್ಟರನ್ನು ಹುಡುಕುತ್ತಾನೆ. ಬೆಳಿಗ್ಗೆ ಹಸಿರು ಸೀರೆ ಉಟ್ಟು ಅಂಗಳಕ್ಕಿಳಿದಾಗ ಆಚೆಮನೆಯವಳು ಬಾಯಿ ಬಿಟ್ಟು ನೋಡಿದಳು. "ಎಲ್ಲಿಗೆ ಅಪ್ಪಿಯಕ್ಕ, ಇಷ್ಟು ಜೋರು?"

"ಮಗಳು ಊಟಕ್ಕೆ ಕರೆದಿದ್ದಾಳೆ" ಎಂದು ಅಪ್ಪಿಯಕ್ಕ ನಡೆದರು. ಪಾಪ, ಅವಳು ತೆರೆದ ಬಾಯಿ ಮುಚ್ಚಲು ಮರೆತು ನಿಂತಳು.

ಆಚೆಮನೆಯವಳ ಮೇಲೆ ಅಪ್ಪಿಯಕ್ಕನಿಗೆ ಸಿಟ್ಟೇನೂ ಇರಲಿಲ್ಲ. ಅಕ್ಷಿತಾ ಹೋದ ದಿನ, ತಾವು ಕೆಲಸ ಮಾಡುವ ಅಂಗನವಾಡಿಯಲ್ಲಿ ಮಕ್ಕಳ ಊಟಕ್ಕೆ ಅಕ್ಕಿ ತೊಳೆಯುತ್ತಿದ್ದಾಗ ಓಡಿ ಬಂದವಳು ಅವಳೇ. ಬಂದವಳು ಏನೂ ಹೇಳದೆ, "ಗಂಜಿ ಕುಡ್ದಾಯ್ತಾ ಅಪ್ಪಿಯಕ್ಕ?" ಎಂದು ಕೇಳಿದ್ದಳು. ಇನ್ನೂ ಆಗಲಿಲ್ಲ ಎಂದದ್ದಕ್ಕೆ ಬಲವಂತದಿಂದ ಒಂದು ಲೋಟ ಗಂಜಿ ಕುಡಿಸಿ, ಲೋಟ ಕೆಳಗಿಡುವವರೆಗೆ ಕಾದು, ಆಮೇಲೆ ಕೈ ಹಿಡಿದುಕೊಂಡಿದ್ದಳು. ಮಗಳು ನೈಟ್ ಡ್ಯೂಟಿ ಮುಗಿಸಿ ಬರುವಾಗ ಹೆದ್ದಾರಿಯ ತಿರುವಿನಲ್ಲಿ ಸ್ಕೂಟರು ಜಾರಿತ್ತು. ಹಸಿದ ಹೊಟ್ಟೆಗೆ ಸಾವಿನ ಸುದ್ದಿ ಹೇಳಬಾರದು. ಸುದ್ದಿ ಕೇಳಿದ ಮೇಲೆ ಗಂಟಲಲ್ಲಿ ಅಗುಳು ಇಳಿಯುವುದಿಲ್ಲವಲ್ಲ, ಅದಕ್ಕೆ ಹಿರಿಯರು ಮಾಡಿಟ್ಟ ದಾರಿ ಅದು.

ರೆಸ್ಟೋರೆಂಟು ಹೊಸ ಕಟ್ಟಡದ ಐದನೆಯ ಮಾಳಿಗೆಯಲ್ಲಿತ್ತು. ಲಿಫ್ಟಿನ ಬಾಗಿಲು ತೆರೆದರೆ ಒಳಗೆಲ್ಲ ಮಬ್ಬುಗತ್ತಲೆ. ಹೊರಗೆ ಸುಡುವ ಬಿಸಿಲಿರುವಾಗ ಒಳಗೆ ಪರದೆ ಎಳೆದು ಕತ್ತಲೆ ಮಾಡಿ, ಆ ಕತ್ತಲೆಗೆ ಮತ್ತೆ ದೀಪ ಹಚ್ಚಿದ್ದಾರೆ, ಉಳ್ಳವರ ಬುದ್ಧಿಯೇ ಹೀಗೆ ಎಂದುಕೊಂಡರು ಅಪ್ಪಿಯಕ್ಕ. ಆಶಿಕ್ ಬಂದು ನಗುಮುಖದಿಂದ ಕರೆದೊಯ್ದ. ಪರದೆಯಿಲ್ಲದ ಒಂದೇ ಒಂದು ದೊಡ್ಡ ಕಿಟಕಿಯ ಬಳಿ ಟೇಬಲ್. ಕಿಟಕಿಗೆ ಬೆನ್ನು ಹಾಕಿ ಅಕ್ಕಪಕ್ಕ ಎರಡು ಕುರ್ಚಿ, ಎದುರಿಗೆ ಒಂದು. ಮೂರು ಕಪ್ಪು ತಟ್ಟೆ, ಗುಬ್ಬಿಗೆ ನೀರಿಡುವಷ್ಟು ಸಣ್ಣ ಮೂರು ಚಾ ಲೋಟ.

"ಮ್ಯಾಮ್ ಹಿಂದಿಂದ ಬರ್ತಾರಾ?" ಎಂದು ಆಶಿಕ್ ಕೇಳಿದ.

"ಹೂಂ. ತಟ್ಟೆ ಮೂರೂ ಇರಲಿ."

ಕಾದರು. ಒಂದು ಗಂಟೆಯಾಯಿತು, ಒಂದೂಕಾಲಾಯಿತು. ಬೊಜ್ಜದ ದಿನ ನೆನಪಾಯಿತು. ಆ ದಿನ ಒಳಕೋಣೆಯಲ್ಲಿ ಎಲೆ ಹಾಕಿ, ಮಗಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದ್ದರು: ಪತ್ರೊಡೆ, ಬಂಗುಡೆ ಸಾರು, ನೀರುದೋಸೆ. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಬಾಗಿಲೆಳೆದು ಎಲ್ಲರೂ ಹೊರಗೆ ನಿಂತಿದ್ದರು. ತೆರೆದಾಗ ಅಕ್ಷಿತಾಳ ದೊಡ್ಡಪ್ಪ, "ತೃಪ್ತಿಯಾಗಿದೆ ಅವಳಿಗೆ" ಎಂದರು. ತೃಪ್ತಿಯಂತೆ! ಅಪ್ಪಿಯಕ್ಕನ ಕಣ್ಣಿಗೆ ಎಲೆಯ ಮೇಲೆ ಒಂದಗುಳೂ ಅಲುಗಿದಂತೆ ಕಾಣಲಿಲ್ಲ. ಮಗಳು ಏನೋ ಮನಸ್ಸಿನಲ್ಲಿಟ್ಟುಕೊಂಡೇ ಉಪವಾಸ ಹೋದಳೆಂಬ ಸಂಕಟ ಅಂದಿನಿಂದ ಹೊಟ್ಟೆಯಲ್ಲಿ ಕೂತಿತ್ತು.

ಒಂದೂವರೆಗೆ ಲಿಫ್ಟಿನಿಂದ ಒಬ್ಬ ಹುಡುಗ ಹೊರಬಂದ. ಬೆನ್ನಿಗೆ ದೊಡ್ಡ ಬ್ಯಾಗು, ಬಿಸಿಲಿಗೆ ಕಪ್ಪಾದ ಮುಖ. ಅಲ್ಲೇ ನಿಂತು ಟೇಬಲುಗಳನ್ನೆಲ್ಲ ಹೆದರಿದವನಂತೆ ನೋಡಿದ. ಹಸಿರು ಸೀರೆ ಕಂಡದ್ದೇ ತಡ, ಅವನ ಮುಖ ಅರಳಿದ್ದನ್ನು ಏನೆಂದು ಹೇಳುವುದು! ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ ಓಡಿ ಬಂದು, ಬ್ಯಾಗು ಇಳಿಸುವುದನ್ನೂ ಮರೆತು, ಬಗ್ಗಿ ಅಪ್ಪಿಯಕ್ಕನ ಕಾಲು ಮುಟ್ಟಿದ. ಬ್ಯಾಗಿನ ಭಾರಕ್ಕೆ ಮುಗ್ಗರಿಸಿ ಟೇಬಲ್ ಹಿಡಿದುಕೊಂಡ.

"ಸಾರಿ ಆಂಟಿ, ನಮ್ಮ ಕ್ರಿಶ್ಚನರಲ್ಲಿ ಕೈ ಮುಗಿದು ಬೆಸಾಂವ್ ಕೇಳುದು, ಆಶೀರ್ವಾದ. ಕಾಲು ಮುಟ್ಲಿಕ್ಕೆ ಅವಳೇ ಕಲಿಸಿದ್ದು, ಇನ್ನೂ ಸರಿ ಬರುದಿಲ್ಲ. ನಾನು ಇರ್ವಿನ್."

ಅಪ್ಪಿಯಕ್ಕ ಅವನನ್ನೇ ನೋಡಿದರು. ಮೂರನೆಯವನು ಬಂದಿದ್ದ. ಮಗಳು ಹೇಳಬೇಕೆಂದಿದ್ದ ಮಾತು ಎರಡು ಕಾಲಿನ ಮೇಲೆ ಎದುರಿಗೆ ನಿಂತಿತ್ತು.

"ನೀವು ಎದ್ದು ಹೋಗ್ಲಿಲ್ಲ ಆಂಟಿ, ನನಗೆ ಅಷ್ಟು ಸಾಕು" ಎಂದ ಅವನು, ಎದುರಿನ ಕುರ್ಚಿ ಬಿಟ್ಟು ಪಕ್ಕದ್ದರಲ್ಲೇ ಕೂರುತ್ತ. "ಅವಳು ಹೇಳಿದ್ಲು, ಒಂದು ಗಂಟೆಗೆ ಅಮ್ಮನನ್ನು ಕರ್ಕೊಂಡು ಬಂದು ನಾನು ಎಲ್ಲ ಹೇಳ್ತೇನೆ, ನೀನು ಒಂದೂವರೆಗೆ ಬಾ, ಅಮ್ಮ ಸಿಟ್ಟು ಬಂದ್ರೆ ಅನ್ನ ಬಿಟ್ಟು ಎದ್ದು ಹೋಗುವವಳು, ಇನ್ನೂ ಕೂತಿದ್ರೆ ಒಪ್ಪಿದ್ದಾಳೆ ಅಂತಲೇ ಲೆಕ್ಕ, ಅಂತ. ಎಲ್ಲಿ ಅವಳು? ಕೈ ತೊಳೀಲಿಕ್ಕೆ ಹೋದ್ಲಾ?"

ಇವನಿಗೆ ಗೊತ್ತಿಲ್ಲ. ದೇವರೇ, ಇವನಿಗೆ ಗೊತ್ತೇ ಇಲ್ಲ! ಅಪ್ಪಿಯಕ್ಕನ ಬಾಯಿಂದ ಹೊರಟದ್ದು ಒಂದೇ ಪ್ರಶ್ನೆ.

"ಬೆಳಿಗ್ಗೆ ಎಂತ ತಿಂದಿದ್ದಿ?"

"ಎಂತದೂ ಇಲ್ಲ. ನಿನ್ನೆ ಹಡಗಿನಿಂದ ಇಳಿದದ್ದು, ಏರ್‌ಪೋರ್ಟಿನಿಂದ ಸೀದಾ ಇಲ್ಲಿಗೇ. ಟೆನ್ಶನ್ನಲ್ಲಿ ನೀರೂ ಇಳೀಲಿಲ್ಲ."

"ಮೊದಲು ತಿನ್ನು" ಎಂದರು ಅಪ್ಪಿಯಕ್ಕ. ಆಶಿಕನಿಗೆ ಬಡಿಸಲು ಕೈ ಮಾಡಿದರು.

ಬಿದಿರಿನ ಬುಟ್ಟಿಯ ಮುಚ್ಚಳ ತೆರೆದಾಗ ಹಬೆ ಎದ್ದಿತು. ಒಳಗೆ ನೆರಿಗೆ ಹಿಡಿದ ಪುಟ್ಟ ಪುಟ್ಟ ಕಡುಬುಗಳು, ಆ ಕಡೆಯಿಂದ ಈ ಕಡೆ ಕಾಣುವಷ್ಟು ತೆಳು. ಇರ್ವಿನ್ ಒಂದನ್ನು ಚಮಚದಲ್ಲಿಟ್ಟು ಅವರಿಗೆ ಕೊಟ್ಟ. "ಸ್ವಲ್ಪವೇ ಕಚ್ಚಿ ಮೊದಲು ರಸ ಹೀರಬೇಕು ಆಂಟಿ. ನಮ್ಮ ಹಡಗು ತೈವಾನಿಗೆ ಹೋದಾಗೆಲ್ಲ ನಾನು ಬಂದರಿನ ಹತ್ರ ಇದನ್ನೇ ತಿನ್ನುದು, ತಿಂದು ಅವಳಿಗೆ ವರ್ಣನೆ ಮಾಡುದು. ಇಲ್ಲಿ ಓಪನ್ ಆದ ವಾರವೇ ಒಬ್ಬಳೇ ಬಂದು ತಿಂದಿದ್ದಾಳೆ, ನಾನು ತಿಂದದ್ದು ಹೇಗಿರ್ತದೆ ಅಂತ ನೋಡ್ಲಿಕ್ಕೆ. ಇಡೀ ಬಾಯಿಗೆ ಹಾಕಿ ನಾಲಗೆ ಸುಟ್ಕೊಂಡ್ಲು ಪೆದ್ದಿ!"

ನಾಲಗೆ ಸುಟ್ಟಿತ್ತು, ಹೌದು. ಎರಡು ದಿನ ಮೀನುಸಾರು ಮುಟ್ಟದೆ ಮೊಸರನ್ನ ಉಂಡು, ಆಸ್ಪತ್ರೆಯ ಕ್ಯಾಂಟೀನಿನ ಚಾ ಬಿಸಿಯಿತ್ತು ಎಂದಿದ್ದಳು. ಅಯ್ಯೋ ಕಳ್ಳಿ! ಅಪ್ಪಿಯಕ್ಕನಿಗೆ ನಗು ಬಂತು. ಅವರು ಹುಡುಗನ ತಟ್ಟೆಗೆ ಇನ್ನೆರಡು ಕಡುಬು ಹಾಕಿದರು.

ಅವನು ತಿನ್ನುತ್ತ ಮಾತಾಡುತ್ತಲೇ ಇದ್ದ. ಬೆಂದೂರಿನ ಮನೆಯಲ್ಲಿ ತಾಯಿಗೆ ಹೇಳಿಯಾಗಿದೆಯಂತೆ, ಅವರು ಮೂರು ದಿನ ಅತ್ತು ಈಗ ಸುಮ್ಮನಿದ್ದಾರಂತೆ. "ನಿಮ್ಮ ಹೆದರಿಕೆಯೇ ಜಾಸ್ತಿ ಇದ್ದದ್ದು ಅವಳಿಗೆ. ಒಂದು ತಿಂಗಳು ಫೋನ್ ಬೇಡ, ಮೆಸೇಜ್ ಬೇಡ, ನಿನ್ನ ಹತ್ರ ಮಾತಾಡಿ ಅಮ್ಮನ ಮುಖ ನೋಡ್ಲಿಕ್ಕೆ ಆಗುದಿಲ್ಲ ಅಂದ್ಲು. ವ್ರತದ ಹಾಗೆ. ನಾನು ಮುರೀಲಿಲ್ಲ ಆಂಟಿ. ಅವಳೂ ನೋಡಿ, ಒಂದು ಹಾಯ್ ಕೂಡ ಕಳಿಸ್ಲಿಲ್ಲ. ಅಷ್ಟು ಹಟ!"

ಅಪ್ಪಿಯಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಇನ್ನೊಂದು ತುತ್ತು ತಿನ್ನಲಿ, ಇನ್ನೊಂದೇ ತುತ್ತು ಎಂದು ತಮ್ಮನ್ನು ತಾವೇ ಬೇಡಿಕೊಂಡರು. ಅಂಗನವಾಡಿಯಲ್ಲಿ ಆ ಗಂಜಿಯ ಲೋಟ ಕೈಯಲ್ಲಿದ್ದಷ್ಟು ಹೊತ್ತು ತಾವು ಮಗಳಿರುವ ತಾಯಿಯಾಗಿದ್ದರು. ಆ ಹೊತ್ತಿನ ಬೆಲೆ ಅವರಿಗೆ ಗೊತ್ತಿತ್ತು.

ಆಮೇಲೆ ಕೋಳಿ ಬಂತು, ಮಣ್ಣಿನ ಪಾತ್ರೆಯಲ್ಲಿ ಚರಚರ ಎನ್ನುತ್ತ, ಮೇಲೆ ಹಸಿರೆಲೆ ಹರಡಿಕೊಂಡು. ಅಪ್ಪಿಯಕ್ಕ ಮೂಗರಳಿಸಿದರು. "ಇದೆಂತ ಅನಾಚಾರ ಮಾರಾಯ, ಕೋಳಿಗೆ ತುಳಸಿ ಹಾಕಿದ್ದಾರಾ?"

"ಅದೇ ಜಾತಿಯ ಬೇರೆ ಎಲೆ ಆಂಟಿ" ಎಂದು ಇರ್ವಿನ್ ಜೋರಾಗಿ ನಕ್ಕ. "ನೀವು ಹೀಗೇ ಕೇಳ್ತೀರಿ ಅಂತ ಅವಳು ಮೊದಲೇ ಹೇಳಿದ್ಲು."

ವಾಸನೆ ಮಾತ್ರ ತುಳಸಿಯದೇ. ಅಂಗಳದಲ್ಲಿ ಮಲಗಿಸಿದ್ದ ಮಗಳ ತುಟಿಗೆ ತುಳಸಿ ಅದ್ದಿದ ನೀರು ಬಿಟ್ಟ ಕೈಯಲ್ಲೇ ಈಗ ಚಮಚವಿತ್ತು. ಆ ನೀರು ಒಳಗೆ ಹೋಗದೆ ಗಲ್ಲದ ಮೇಲೆ ಹರಿದಿತ್ತು, ಇವರು ಅದನ್ನು ಸೆರಗಿನಿಂದ ಒರೆಸಿದ್ದರು. ಚಮಚ ತಟ್ಟೆಗೆ ಬಿತ್ತು.

"ಆಂಟಿ? ಅವಳು ಇಷ್ಟು ಹೊತ್ತು ಎಂತ ಮಾಡ್ತಿದ್ದಾಳೆ ಅಲ್ಲಿ?"

"ಮಗಾ, ಹೊಟ್ಟೆ ತುಂಬಿತಾ?"

"ತುಂಬಿತು."

"ಸರಿಯಾಗಿ ಹೇಳು. ತುಂಬಿತಾ?"

ಅವನ ಕೈ ನಿಂತಿತು. ಇರ್ವಿನನೂ ಈ ಊರಿನವನೇ. ಅವನ ಮನೆಯಲ್ಲೂ ಒಬ್ಬ ಅಜ್ಜಿಯಿದ್ದಳು, ಅವಳೂ ಯಾರಿಗೋ ಯಾವಾಗಲೋ ಹೀಗೆ ಉಣಿಸಿ ಹೀಗೆ ಕೇಳಿದ್ದಿರಬೇಕು. ಅವನು ಎದುರಿನ ಖಾಲಿ ತಟ್ಟೆ ನೋಡಿದ, ಅಪ್ಪಿಯಕ್ಕನ ಮುಖ ನೋಡಿದ, ಮತ್ತೆ ತಟ್ಟೆ ನೋಡಿದ. "ಯಾಕೆ ಹಾಗೆ ಕೇಳ್ತೀರಿ?" ಎನ್ನುವಾಗ ಅವನ ಸ್ವರ ಸಣ್ಣ ಹುಡುಗನದಾಗಿತ್ತು.

ಅಪ್ಪಿಯಕ್ಕ ಅವನ ಕೈ ಹಿಡಿದುಕೊಂಡು ಹೇಳಿದರು. ಸುತ್ತಿ ಬಳಸಲಿಲ್ಲ. ಸ್ಕೂಟರು, ತಿರುವು, ಹೋದ ತಿಂಗಳು, ಫೋನು ತೆರೆಯುವ ನಂಬರು ಗೊತ್ತಿರಲಿಲ್ಲ ಮಗಾ, ನೀನು ಇದ್ದೀ ಅಂತಲೇ ಗೊತ್ತಿರಲಿಲ್ಲ.

ಅವನು ತಟ್ಟೆ ಸರಿಸಿದ. ಟೇಬಲಿನ ಮೇಲೆ ತಲೆಯಿಟ್ಟ. ಬೆನ್ನು ಮಾತ್ರ ಕುಲುಕುತ್ತಿತ್ತು. ಪಕ್ಕದ ಟೇಬಲಿನವರು ತಿರುಗಿ ನೋಡಿದರು, ಆಶಿಕ್ ಬಂದು ದೂರದಲ್ಲೇ ನಿಂತ. ಅಪ್ಪಿಯಕ್ಕ ಗುರುತಿಲ್ಲದ ಆ ಹುಡುಗನ ಬೆನ್ನು ಸವರುತ್ತ ತಾವೂ ಅತ್ತರು. ಮನೆಗೆ ಬಂದವರೆಲ್ಲರ ಎದುರು ಅತ್ತಿದ್ದರು ನಿಜ. ಆದರೆ ತಮ್ಮಷ್ಟೇ ಕಳೆದುಕೊಂಡವನೊಬ್ಬನ ಜೊತೆ ಕೂತು ಅತ್ತದ್ದು ಇದೇ ಮೊದಲು.

ಬಹಳ ಹೊತ್ತಿನ ಮೇಲೆ ಅವನು ತಲೆಯೆತ್ತಿದ. "ಒಂದು ಕೇಳ್ತೇನೆ, ಸುಳ್ಳು ಹೇಳ್ಬೇಡಿ. ಅವಳು ಇವತ್ತು ಇಲ್ಲಿ ಕೂತು ಹೇಳಿದ್ದಿದ್ರೆ, ನೀವು ಎಂತ ಹೇಳ್ತಿದ್ರಿ?"

ಅಪ್ಪಿಯಕ್ಕ ಮೂಗೊರೆಸಿಕೊಂಡರು. "ಎಂತ ಹೇಳುದು! ಎದ್ದೇ ಹೋಗ್ತಿದ್ದೆ. ಮನೆಗೆ ಹೋಗಿ ಬಾಯಿಗೆ ಬಂದ ಹಾಗೆ ಬೈತಿದ್ದೆ. ನಾಕು ದಿನ ಅವಳ ಹತ್ರ ಮಾತು ಬಿಡ್ತಿದ್ದೆ."

"ಮತ್ತೆ?"

"ಮತ್ತೆ ಎಂತ? ಅವಳೂ ಅನ್ನ ಬಿಟ್ಟು ಕೂರ್ತಿದ್ಲು. ಅದು ನನಗೆ ನೋಡ್ಲಿಕ್ಕೆ ಆಗ್ತಿರ್ಲಿಲ್ಲ. ಐದನೇ ದಿನ ನೀರುದೋಸೆ ಹೊಯ್ದು, ಹೋಗು, ಕರ್ಕೊಂಡು ಬಾ ಅವನನ್ನು ಅಂತಿದ್ದೆ." ಅವರು ಐದು ಬೆರಳು ಬಿಡಿಸಿ ತೋರಿಸಿದರು. "ಐದು ದಿನ ಮಗಾ, ಅಷ್ಟೇ. ಅದಕ್ಕಿಂತ ಹೆಚ್ಚು ನನ್ನಿಂದ ಆಗ್ತಿರ್ಲಿಲ್ಲ."

ಅವನು ಅವರ ಕೈಯನ್ನು ಹಣೆಗೊತ್ತಿಕೊಂಡ.

ಆಶಿಕ್ ಮೆಲ್ಲನೆ ಬಂದು ಬಳಸದ ತಟ್ಟೆಗೆ ಕೈ ಹಾಕಿದ. "ಮುಟ್ಬೇಡ" ಎಂದರು ಅಪ್ಪಿಯಕ್ಕ. "ಬಿಸಿ ಬಿಸಿ ಕಡುಬು ಇನ್ನೊಂದು ಬುಟ್ಟಿ ತಾ."

ಬುಟ್ಟಿ ಬಂತು. ಅಪ್ಪಿಯಕ್ಕ ಎದುರಿನ ಕಪ್ಪು ತಟ್ಟೆಗೆ ಕಡುಬು ಬಡಿಸಿದರು. ಮೂರಾದದ್ದನ್ನು ಕಂಡು ನಾಲ್ಕನೆಯದನ್ನೂ ಹಾಕಿದರು. ಕೋಳಿಯನ್ನು ಆ ಎಲೆಯ ಸಮೇತ ಪಕ್ಕಕ್ಕಿಟ್ಟರು. ಇರ್ವಿನ್ ಗುಬ್ಬಿಲೋಟಕ್ಕೆ ಚಾ ಹೊಯ್ದ. ಆಮೇಲೆ ಅಪ್ಪಿಯಕ್ಕ ಸುತ್ತ ನೋಡಿದರು. ಎಳೆದುಕೊಳ್ಳಲು ಇಲ್ಲಿ ಬಾಗಿಲಿರಲಿಲ್ಲ.

"ಕಿಟಕಿ ಕಡೆಗೆ ತಿರುಗು ಮಗಾ. ನಾವು ನೋಡಿದ್ರೆ ಅವಳು ತಿನ್ಲಿಕ್ಕಿಲ್ಲ."

ಇಬ್ಬರೂ ಕುರ್ಚಿ ತಿರುಗಿಸಿ ತಟ್ಟೆಗೆ ಬೆನ್ನು ಹಾಕಿ ಕೂತರು. ಕೆಳಗೆ ಬಿಜೈ ಬಸ್ ಸ್ಟ್ಯಾಂಡಿನಿಂದ ಬಸ್ಸೊಂದು ಹಿಂದೆ ಹಿಂದೆ ಬರುತ್ತಿತ್ತು, ಜನ ಬ್ಯಾಗು ಹಿಡಿದು ಓಡುತ್ತಿದ್ದರು. ಬೆನ್ನ ಹಿಂದಿನಿಂದ ತುಳಸಿಯ ವಾಸನೆ ಬರುತ್ತಿತ್ತು.

"ಎಷ್ಟು ಹೊತ್ತು ಅಮ್ಮ?" ಎಂದು ಇರ್ವಿನ್ ಪಿಸುಗುಟ್ಟಿದ.

"ಅವಳು ನಿಧಾನ ತಿನ್ನುವವಳು" ಎಂದರು ಅಪ್ಪಿಯಕ್ಕ. "ನಾಲಗೆ ಸುಟ್ಕೊಳ್ಳುದು ಬೇಡ. ಇರಲಿ, ಕೂತ್ಕೋ."