ಬೈಯುವ ಊರಿನ ಸೊಸೆ

ತಣ್ಣಗಿದೆ ಅಕ್ಕಿ, ಯಾರೋ ಒಳಕೋಣೆಯ ಡಬ್ಬದಿಂದ ಈಗಷ್ಟೇ ತೋಡಿಕೊಂಡು ಬಂದದ್ದಿರಬೇಕು, ಸೆರಗಿನ ಬಟ್ಟೆ ದಾಟಿ ತೊಡೆಗೆ ತಂಪು ತಾಗುತ್ತಿದೆ, ಆಹಾ, ಈ ಬಿಸಿಲಿಗೆ ಎಷ್ಟು ಹಾಯಾಗಿದೆ, ಇದರಲ್ಲೂ ಸುಖಪಡುತ್ತೀಯಲ್ಲೇ ದಾಕ್ಷಾಯಣಿ, ಕೂತ ಕುರ್ಚಿಯೇ ಅಲ್ಲಾಡುತ್ತಿರುವಾಗ — ಎಂದು ತನ್ನನ್ನು ತಾನೇ ಗದರಿಕೊಂಡು ಶಾಸಕಿ ದಾಕ್ಷಾಯಣಮ್ಮ ಸೆರಗಿನ ತುದಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು, ಕರಡಿಗುಟ್ಟೆಯ ಮಾರಮ್ಮನ ಗುಡಿ ಜಗಲಿ, ಮಣೆಯ ಮೇಲೆ ಅವಳು, ಎದುರಿಗೆ ಸಾಲುಗಟ್ಟಿದ ಹೆಂಗಸರು, ಕುಡಿಯುವ ನೀರಿನ ಘಟಕದ ರಿಬ್ಬನ್ ಕತ್ತರಿಸಿ ಹೊರಟುಬಿಡೋಣ ಎಂದರೆ ಬಿಡಲಿಲ್ಲ, ಬಾರಕ್ಕ, ಕುಂತ್ಕ, ಮಡ್ಲಕ್ಕಿ ಹಾಕ್ತೀವಿ ಅಂದರು, ಕೈ ಹಿಡಿದು ಕೂರಿಸಿಯೇಬಿಟ್ಟರು, ಅಕ್ಕಿ, ಕೊಬ್ಬರಿ ಗಿಟುಕು, ಬೆಲ್ಲದಚ್ಚು, ಅರಿಶಿನದ ಕೊಂಬು, ಒಂದೊಂದೇ ಬಂದು ಮಡಿಲಿಗೆ ಬೀಳುತ್ತಿದೆ, ಬೇರೆ ಊರಾಗಿದ್ದರೆ ನಗುನಗುತ್ತ ಹಾಕಿಸಿಕೊಂಡು ಕಾರು ಹತ್ತುತ್ತಿದ್ದಳು, ಆದರೆ ಇದು ಕರಡಿಗುಟ್ಟೆ, ಈ ಊರು ಅವಳ ಮಡಿಲು ತುಂಬಿದ್ದೇ ಇಲ್ಲ, ಇದು ಬೈಯುವ ಊರು, ಬೈಸಿಕೊಳ್ಳಲೆಂದೇ ಇವತ್ತು ಬಂದಿದ್ದಾಳೆ, ದೇವರಾಣೆಗೂ. ಮಧ್ಯಾಹ್ನದೊಳಗೆ ಒಂದು ಮಾತು ಹೇಳ್ಬಿಡಿ ಅಕ್ಕ, ನಿಲ್ತೀರೋ ಇಲ್ವೋ, ನಿಲ್ಲಲ್ಲ ಅಂದ್ರೆ ನೀವು ಯಾರ ಹೆಸರು ಹೇಳ್ತೀರೋ ಅದನ್ನೇ ಮೇಲಕ್ಕೆ ಕಳಿಸ್ತೀನಿ, ಎಂದು ಪಕ್ಷದ ಜಿಲ್ಲಾಧ್ಯಕ್ಷ ನಾಗಭೂಷಣ್ ಕೊರಟಗೆರೆಯಿಂದ ಬೆಳಿಗ್ಗೆಯೇ ಫೋನು ಮಾಡಿದ್ದ, ಐದನೆಯ ಸಲ ಚುನಾವಣೆಗೆ ನಿಲ್ಲುವುದೋ ಬೇಡವೋ, ಗಂಡನನ್ನು ಕೇಳಲಿಲ್ಲ, ಜೋಯಿಸರನ್ನು ಕೇಳಲಿಲ್ಲ, ಕರಡಿಗುಟ್ಟೆಯ ಆಂಜಿನಮ್ಮನ ಬಾಯಿಂದ ಏನು ಬರುತ್ತದೋ ನೋಡಿಕೊಂಡು ಹೇಳಿದರಾಯಿತು ಎಂದು ಸೀದಾ ಇಲ್ಲಿಗೆ ಬಂದಳು, ಆ ಮುದುಕಿ ಎಲ್ಲಿ, ರಿಬ್ಬನ್ ಕತ್ತರಿಸುವಾಗಲೂ ಇರಲಿಲ್ಲ, ಈಗಲೂ ಕಾಣಿಸುತ್ತಿಲ್ಲ.

ನಕ್ಕಾರು ಯಾರಾದರೂ ಕೇಳಿದರೆ, ಎರಡು ಸಲ ಗೆದ್ದು ಎರಡು ಸಲ ಸೋತ ಶಾಸಕಿ ಒಂದು ಹಿಡಿ ಮಡಿಲಕ್ಕಿಗೆ ಹೆದರುತ್ತಾಳೆ ಎಂದರೆ, ಆದರೆ ಸುಟ್ಟುಕೊಂಡವಳಿಗೆ ಗೊತ್ತು, ಮೊದಲನೆಯ ವಿಧಾನಸಭೆ ಚುನಾವಣೆ, ಅದಕ್ಕೂ ಮುಂಚೆ ಅಂಗನವಾಡಿ ಟೀಚರಾಗಿದ್ದವಳು ಜಿಲ್ಲಾ ಪಂಚಾಯ್ತಿ ಸದಸ್ಯೆಯಾದದ್ದೇ ಮಹಿಳಾ ಮೀಸಲಾತಿ ಬಂದದ್ದರಿಂದ, ಬಾರದಿದ್ದರೆ ನಿಲ್ಲಬೇಕಾದವನು ಗಂಡ ಪಾಲಪ್ಪ, ಪಾಪ, ಬಿಳಿ ಶರ್ಟು ಬಿಳಿ ಪ್ಯಾಂಟು ಹೊಲಿಸಿಟ್ಟುಕೊಂಡಿದ್ದ, ಬೀರುವಿನಲ್ಲೇ ಉಳಿಯಿತು, ನೀನೇ ಹೋಗೇ ತಾಯಿ, ನಾನು ಶಿರಾ ಸಂತೆಗೆ ಕುರಿ ಹೊಡ್ಕೊಂಡು ಹೋಗ್ತೀನಿ ಅಂದ, ಇವತ್ತಿಗೂ ಆ ಶರ್ಟಿನ ಮಾತೆತ್ತಿದರೆ ಮೂತಿ ಉಬ್ಬಿಸುತ್ತಾನೆ, ಒಳ್ಳೆಯವನು, ಅವಳು ಊರೂರು ತಿರುಗುವಾಗ ಮನೆಯಲ್ಲಿ ಮುದ್ದೆ ತೊಳಸಿದ್ದು ಅವನೇ, ಗಂಟಿಲ್ಲದೆ ತೊಳಸುತ್ತಾನೆ — ಎಲ್ಲಿದ್ದೆ, ಹಾ, ಮೊದಲ ಚುನಾವಣೆ, ಎದುರು ಪಕ್ಷದವರು ಮೈಕಿನಲ್ಲಿ ಅಂದದ್ದೇ ಅಂದದ್ದು, ಆಯಮ್ಮ ಪಾವಗಡದ ಕಡೆಯೋಳು, ಬಾಯಿ ಬಿಟ್ರೆ ತೆಲುಗ್ನಾಗೆ ಏಮಿ ಎಂದುಕು ಅಂತಾಳೆ, ನಮ್ಮೋಳಲ್ಲ, ಹೌದು ಮತ್ತೆ, ನಿಡುಗಲ್ ಬೆಟ್ಟದ ಬುಡದಲ್ಲಿ ಹುಟ್ಟಿ ಮಿಡಿಗೇಶಿ ಕಡೆಗೆ ಮದುವೆಯಾಗಿ ಬಂದವಳು ಎರಡು ಭಾಷೆ ಆಡದೆ ಇನ್ನೇನು ಮಾಡಿಯಾಳು, ಅದಕ್ಕೇ ಊರೂರಿನಲ್ಲಿ ಹೆಂಗಸರು ಮಣೆ ಹಾಕಿ, ನೀನು ನಮ್ಮನೆ ಮಗಳು ಕಣಕ್ಕ ಎಂದು ಮಡಿಲು ತುಂಬಿದಾಗ ಅವಳ ಕಣ್ಣು ತುಂಬಿ ಬಂದಿತ್ತು, ಕಾರಿನ ಡಿಕ್ಕಿ ತುಂಬ ಅಕ್ಕಿ, ಮಡಿಲು ತುಂಬಿದ ಊರೆಲ್ಲ ನಮ್ಮದೇ ಎಂದು ಪಕ್ಷದ ಹುಡುಗರು ಎಣಿಕೆಗೆ ಮೊದಲೇ ಪಟಾಕಿ ತಂದಿಟ್ಟರು, ಪೆಟ್ಟಿಗೆ ತೆರೆದರೆ ಆ ಊರುಗಳೇ ಕೈಕೊಟ್ಟಿದ್ದವು, ಒಂದೂ ಬಿಡದೆ. ಅತ್ತೆ ಕೆಂಚಮ್ಮ ಆ ಅಕ್ಕಿಯನ್ನೇ ಮೊರಕ್ಕೆ ಹಾಕಿಕೊಂಡು ಕೇರುತ್ತ ಕೂತಿದ್ದಳು, ತಲೆ ಎತ್ತದೆ ಅಂದಳು, ಅತ್ತೆಮನೇಲಿ ಸೊಸೆಗೆ ಯಾವೋಳು ಮಡ್ಲು ತುಂಬ್ತಾಳಮ್ಮಿ, ತವ್ರಿಂದ ಹೊಂಡೋ ಮಗಳಿಗೆ ತುಂಬೋದು, ಅವ್ರೆಲ್ಲ ನಿನ್ನ ಮಗಳು ಮಾಡ್ಕಂಡು, ಮಡ್ಲು ತುಂಬಿ, ಹೋಗ್ಬಾರವ್ವ ಅಂತ ಕಳಿಸ್ಬುಟ್ಟವ್ರೆ, ಇಟ್ಕೊಳೋ ಸೊಸೆಗೆ ಬೈತಾರೆ ಕಣಮ್ಮಿ, ಕೆಲಸ ಹೇಳ್ತಾರೆ, ನಿಂಗೆ ಯಾವೂರ್ನಾಗೆ ಬೈದವ್ರೆ ಹೇಳು ನೋಡಾನ, ಎಂದಳು, ಹೇಳಲು ಒಂದು ಊರೂ ನೆನಪಾಗಲಿಲ್ಲ, ಅವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು, ಆಮೇಲೆ ಅದೇ ಅಕ್ಕಿಯಲ್ಲಿ ಅನ್ನ ಮಾಡಿದಳು.

ಮುಂದಿನ ಚುನಾವಣೆಗೆ ಬೈಯುವ ಊರು ಹುಡುಕಿಕೊಂಡೇ ಹೊರಟಳು, ಮೊದಲು ಸಿಕ್ಕಿದ್ದು ಕರಡಿಗುಟ್ಟೆ, ನೀರು ಬಾರದ ನಲ್ಲಿಯ ಹತ್ತಿರ ಖಾಲಿ ಕೊಡಗಳ ಸಾಲು, ಸಾಲಿನ ತುದಿಗೆ ಸೊಂಟಕ್ಕೆ ಕೈಯಿಟ್ಟು ನಿಂತ ಆಂಜಿನಮ್ಮ, ಕಾರಿಳಿದವಳ ಮೂಗಿನ ನೇರಕ್ಕೆ ಬೆರಳು ತಿರುವಿ, ಏನು ಬಂದೆ, ಸೋತ್ಮೇಲೆ ದಾರಿ ಗೊತ್ತಾಯ್ತಾ, ಜರೀ ಸೀರೆ ಉಟ್ಕಂಡು ಬಂದವಳೆ ನೋಡ್ರೇ, ಎತ್ತಿ ಕಟ್ಟು, ಈ ಕೊಡ ಹಿಡಿ, ಆ ತ್ವಾಟದ ಬಾವಿತಾವ ನಡಿ ನಂಜೊತೆ, ನಾವು ದಿನಾ ನಡೆಯೋದು ನಿಂಗೂ ಗೊತ್ತಾಗ್ಲಿ, ಹಿಂದೆ ನಿಂತ ಹುಡುಗರು ಸಿಡಿಮಿಡಿಗುಟ್ಟಿದರು, ಯಜಮಾನ್ತಿ ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ ಅಂದರು, ಸುಮ್ನಿರ್ರೋ, ಎಂದು ಅವಳು ಸೆರಗು ಸಿಕ್ಕಿಸಿ ಕೊಡ ಹೊತ್ತಳು, ಹೊತ್ತಳು ಅನ್ನುವುದೇನು, ದಾರಿಯುದ್ದಕ್ಕೂ ಚೆಲ್ಲಿಕೊಂಡಳು, ಆಂಜಿನಮ್ಮ ಹಿಂದಿನಿಂದ ಬೈಯುತ್ತಲೇ ಬಂದಳು, ಸೊಂಟ ಗಟ್ಟಿಯಿಲ್ಲ ನಿಂಗೆ, ನಿಮ್ಮವ್ವ ಏನ್ ಕಲಿಸವ್ಳೆ, ಮನೆ ಮುಟ್ಟುವಷ್ಟರಲ್ಲಿ ಅರ್ಧ ಕೊಡ, ಅವಳಿಗೆ ಅಂಥ ಖುಷಿ ಬೇರೆ ಯಾವತ್ತೂ ಆಗಿರಲಿಲ್ಲ, ಬೈದರಲ್ಲ, ಬೈದರಲ್ಲ ಎಂದು ಕಾರಿನಲ್ಲಿ ಒಬ್ಬಳೇ ನಗುತ್ತಿದ್ದಳು, ಕರಡಿಗುಟ್ಟೆಯ ವೋಟು ಹೆಚ್ಚುಕಡಿಮೆ ಅಷ್ಟೂ ಬಿತ್ತು, ಗೆದ್ದಳು, ವಿಧಾನಸೌಧದ ಮೆಟ್ಟಿಲು ಹತ್ತಿದಳು, ಸದನದಲ್ಲಿ ಮೊದಲ ಪ್ರಶ್ನೆ ಕೇಳಲು ಎದ್ದರೆ ಮೈಕು ಹತ್ತಿದೆಯೋ ಇಲ್ಲವೋ ತಿಳಿಯದೆ, ಕೇಳಿಸ್ತೈತಾ, ಎಂದುಬಿಟ್ಟಳು, ಸದನವೇ ಗೊಳ್ಳೆಂದು ನಕ್ಕಿತು, ನಗಲಿ ಬಿಡು, ಅವಳು ಕೇಳಿದ್ದು ಕರಡಿಗುಟ್ಟೆಯ ನೀರಿನ ಪ್ರಶ್ನೆ, ಸಚಿವರಿಗೆ ಚೆನ್ನಾಗಿಯೇ ಕೇಳಿಸಿತು, ಮುಂದಿನ ಬೇಸಿಗೆಗೆ ಆ ನಲ್ಲಿಯಲ್ಲಿ ನೀರು ಬಂತು.

ಆಮೇಲೆ ಏನಾಯಿತು ಎಂದರೆ ಏನೂ ಆಗಲಿಲ್ಲ, ಅದೇ ಆದದ್ದು, ಕರಡಿಗುಟ್ಟೆಯೊಂದನ್ನು ಬಿಟ್ಟು ಊರುಗಳು ಬೈಯುವುದು ನಿಂತುಹೋಯಿತು, ಹಾರ, ಶಾಲು, ಮೈಸೂರು ಪೇಟ, ಹೋದಲ್ಲೆಲ್ಲ ಮಣೆ, ಮಡಿಲು, ಎಚ್ಚರಿಸಲು ಕೆಂಚಮ್ಮ ಅತ್ತೆಯೂ ಇಲ್ಲ, ತೀರಿಕೊಂಡಿದ್ದಳು, ಯಾರೂ ಬೈಯುತ್ತಿಲ್ಲ ಎಂದರೆ ಎಲ್ಲರಿಗೂ ಸಮಾಧಾನ ಎಂದುಕೊಂಡು ಅವಳು ಹಾಯಾಗಿದ್ದಳು, ಮೂರನೆಯ ಚುನಾವಣೆಯಲ್ಲಿ ಜನ ನಯವಾಗಿ ಸೋಲಿಸಿದರು, ಎಷ್ಟು ನಯ ಎಂದರೆ ಸೋತ ಮರುದಿನವೂ ಒಬ್ಬರು ಕಟುವಾಗಿ ಮಾತಾಡಲಿಲ್ಲ, ಕರಡಿಗುಟ್ಟೆಯಿಂದ ಮಾತ್ರ ಆಂಜಿನಮ್ಮ ಬಸ್ಸು ಹತ್ತಿ ಮಧುಗಿರಿಯ ಇವಳ ಮನೆಗೆ ಬಂದು, ಬಾಗಿಲಲ್ಲೇ ನಿಂತು ಬೆರಳು ತಿರುವಿದಳು, ಮೂದೇವಿ, ಸೋತ್ಯಲ್ಲೇ, ನಂ ಊರ್ನೋರು ಹಾಕಿದ್ವಿ, ಮಿಕ್ಕೋರ್ನ ಕೇಳಕ್ಕೆ ನಿಂಗೇನಾಗಿತ್ತು ರೋಗ, ಎಂದು ಬೈದು, ಬೈದ ಬಾಯಲ್ಲೇ ಕಾಫಿ ಕುಡಿದು, ಸಕ್ಕರೆ ಸಾಲದು ಎಂದು ಅದಕ್ಕೂ ಬೈದು ಹೋದಳು, ಆ ಬೈಗುಳವೇ ಅವಳನ್ನು ಎಬ್ಬಿಸಿ ನಿಲ್ಲಿಸಿತು, ನಾಲ್ಕನೆಯ ಸಲ ಶಾಲು ತಂದವರಿಗೆ ಶಾಲು ವಾಪಸು, ಮಣೆ ಹಾಕಿದಲ್ಲಿ ಕೂರದೆ ಸೀದಾ ಹಿತ್ತಲಿಗೆ, ಏನು ಕೆಟ್ಟಿದೆ ತೋರಿಸಿ ಎಂದಳು, ತೋರಿಸಿದರು, ಬೈದರು, ಗೆಲ್ಲಿಸಿದರು. ಚೆನ್ನಾಗಿತ್ತು, ಎಲ್ಲವೂ ಚೆನ್ನಾಗಿತ್ತು, ಹಾಸ್ಟೆಲ್ಲು, ಎರಡು ಬಸ್ಸು, ಕೆರೆಗೆ ಹೊಸ ತೂಬು, ಯಾರೇನೇ ಅನ್ನಲಿ ಅವಳಿಗೆ ತನ್ನ ಬಾಳಿನ ಮೇಲೆ ಮುನಿಸಿಲ್ಲ, ಇನ್ನೊಂದೇ ಒಂದು ಸಲ ನಿಲ್ಲುವ ಆಸೆ ಇದೆ, ಇದೆ, ಯಾರ ಮುಂದೆ ಮುಚ್ಚಿಡಬೇಕು, ಕುರ್ಚಿಯ ಆಸೆಯಲ್ಲ ಎಂದರೆ ಸುಳ್ಳು, ಆದರೆ ಅದಕ್ಕಿಂತ ದೊಡ್ಡ ಆಸೆ ಈ ಜನಕ್ಕೆ ತಾನು ಬೇಕು ಅನ್ನಿಸಿಕೊಳ್ಳುವುದು.

ಓ, ಬಂದಳು, ಬಂದೇಬಿಟ್ಟಳು ಆಂಜಿನಮ್ಮ, ಬೆನ್ನು ಬಾಗಿದೆ, ನಡಿಗೆ ಮಾತ್ರ ಅದೇ, ಸೊಂಟದಲ್ಲಿ ಒಂದು ಮೊರ, ಮೊರದಲ್ಲಿ ಏನೋ ಮುಚ್ಚಿದೆ, ಮುಖ ಗಂಟು ಹಾಕಿಕೊಂಡಿದೆ, ಬೈತಾಳೆ, ಈಗ ಬೈತಾಳೆ, ದಾಕ್ಷಾಯಣಮ್ಮ ಮಣೆಯ ಮೇಲೆ ನೆಟ್ಟಗೆ ಕೂತಳು, ಆದರೆ ಮುದುಕಿಯ ಬೆರಳು ಎದ್ದದ್ದು ಇವಳ ಕಡೆಗಲ್ಲ, ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತ ಬಿಂದುಶ್ರೀಯ ಕಡೆಗೆ, ಪಂಚಾಯ್ತಿ ಅಧ್ಯಕ್ಷೆ ಬಿಂದುಶ್ರೀ, ಪಾವಗಡದಾಚೆ ಬಲಸಮುದ್ರದಿಂದ ಈ ಊರಿಗೆ ಸೊಸೆಯಾಗಿ ಬಂದವಳು, ರಾಜಕೀಯದಲ್ಲಿ ದಾಕ್ಷಾಯಣಮ್ಮನೇ ಕೈಹಿಡಿದು ನಡೆಸಿದವಳು, ಲೇ ಬಿಂದಿ, ನಮ್ ಬೀದಿ ದೀಪ ಹೋಗಿ ಎಷ್ಟ್ ದಿನ ಆತು, ಶೋಕಿ ಮಾಡ್ಕಂಡು ಆರತಿ ಹಿಡ್ದವಳೆ, ನಮ್ ಯಜಮಾನ್ರು ಕತ್ತಲಾಗೆ ಎಡವಿ ಕಾಲು ಉಳುಕಿಸ್ಕಂಡವ್ರೆ, ನೀನೇನು ಅಧ್ಯಕ್ಷೆಯೋ ಗೊಂಬೆಯೋ, ಬಿಂದುಶ್ರೀಯ ಮುಖ ಕೆಂಪಾಯಿತು, ಆದರೂ ನಕ್ಕಳು, ಆರತಿ ತಟ್ಟೆಯನ್ನು ಬೇರೊಬ್ಬಳ ಕೈಗೆ ದಾಟಿಸಿ, ಅಜ್ಜೀ, ಬಲ್ಬು ತರಿಸಿದ್ದೀನಿ, ಇವತ್ತೇ ಹಾಕಿಸ್ತೀನಿ, ನಡೀರಿ ಕಂಬ ತೋರ್ಸಿ, ಅಂದಳು, ಆಮೇಲೆ ತೋರಿಸ್ತೀನಿ ನಿಲ್ಲೇ, ಎಂದು ಗದರಿದಳು ಮುದುಕಿ. ದಾಕ್ಷಾಯಣಮ್ಮನಿಗೆ ಹೊಟ್ಟೆ ಉರಿಯಿತು, ನಿಜವಾಗಿ ಉರಿಯಿತು, ನನ್ನ ಬೈಗುಳ ಅದು, ಕೊಡ ನೀರು ಹೊತ್ತು ಸಂಪಾದಿಸಿದ್ದು, ನನಗೆ ಬೀಳಬೇಕಾದದ್ದು ಈ ನಿನ್ನೆ ಮೊನ್ನೆಯ ಹುಡುಗಿಗೆ ಬಿತ್ತಲ್ಲ, ಎಂದುಕೊಂಡಳು, ಎಂದುಕೊಂಡವಳೇ ಬಿಂದುಶ್ರೀಯ ಮುಖ ನೋಡಿದಳು, ಬೈಸಿಕೊಂಡ ಆ ಮುಖ ಹೇಗೆ ಹೊಳೆಯುತ್ತಿದೆ, ಗೊತ್ತೇ ಇಲ್ಲ ಅದಕ್ಕೆ ತನಗೆ ಏನು ಸಿಕ್ಕಿತೆಂದು, ಅಯ್ಯೋ ಪೆದ್ದಿ, ಊರು ನಿನ್ನನ್ನು ಇಟ್ಟುಕೊಂಡಿತು ಕಣೇ, ಎಂದು ಕೂಗಿ ಹೇಳಬೇಕೆನಿಸಿತು, ಉರಿಯುತ್ತಿದ್ದ ಹೊಟ್ಟೆ ತಣ್ಣಗಾಗುತ್ತ ಬಂತು.

ಆಂಜಿನಮ್ಮ ಮೊಣಕಾಲು ಹಿಡಿದುಕೊಂಡು ಎದುರಿಗೆ ಕೂತಳು, ಮೊರದ ಮೇಲಿನ ಬಟ್ಟೆ ತೆಗೆದಳು, ಅಕ್ಕಿ, ಹಸಿರು ರವಿಕೆ ಕಣ, ಬಳೆ, ಬೈಯಲಿಲ್ಲ, ಒಂದು ಮಾತೂ ಬೈಯಲಿಲ್ಲ, ಬೊಗಸೆ ತುಂಬಿ ತುಂಬಿ ಮಡಿಲಿಗೆ ಹಾಕಿದಳು, ಸಾಕಾಯ್ತವ್ವ ನಿಂಗೂ, ಎಷ್ಟೂಂತ ಹೊರ್ತೀಯ, ದಣಿದಿದ್ದೀಯ, ಮುಖದಾಗೇ ಕಾಣ್ತೈತೆ, ಅಂದಳು, ಗಲ್ಲ ಸವರಿದಳು, ಮುಗಿಯಿತು, ಮುಗಿದೇಹೋಯಿತು, ಕೆಂಚಮ್ಮ ಅತ್ತೆ ಹೇಳಿದ್ದ ಹಾಗೆಯೇ, ಇದು ಕಳಿಸಿಕೊಡುವ ಅಕ್ಕಿ, ಆದರೆ ಈ ಸಲ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಳಬೇಕು ಎನಿಸುತ್ತಿಲ್ಲ, ಇದೇನು ವಿಚಿತ್ರ, ಅವ್ವ ಸತ್ತ ಮೇಲೆ ನಿಡುಗಲ್ಲಿನಲ್ಲಿ ಯಾರೂ ಮಣೆ ಹಾಕಿ ಕೂರಿಸಿಲ್ಲ, ಗಲ್ಲ ಸವರಿಲ್ಲ, ದಣಿದಿದ್ದೀಯ ಎಂದು ಇಷ್ಟು ವರ್ಷ ಒಬ್ಬರೂ ಅಂದಿಲ್ಲ, ಪಾಲಪ್ಪನೂ ಅಂದಿಲ್ಲ, ಬೈದು ಬೈದು ಇಟ್ಟುಕೊಂಡ ಊರು ಈಗ ಮಗಳು ಮಾಡಿಕೊಂಡು ಕಳಿಸುತ್ತಿದೆ, ಸೊಸೆಯಾಗಿ ಬಾಳಿದ ಮೇಲೆ ತವರು ಸಿಕ್ಕಿತಲ್ಲ, ಕಣ್ಣೀರು ಅಕ್ಕಿಯ ಮೇಲೆ ಬೀಳುತ್ತಿದೆ, ಬೀಳಲಿ, ಮೇಡಂ, ಎಂದು ಆಪ್ತ ಸಹಾಯಕ ಅರುಣ್ ಕುಮಾರ್ ಫೋನು ಹಿಡಿದು ಜಗಲಿಯ ಕೆಳಗೆ ಬಂದು ನಿಂತಿದ್ದಾನೆ, ಜಿಲ್ಲಾಧ್ಯಕ್ಷರು ಲೈನಲ್ಲಿದ್ದಾರೆ ಮೇಡಂ, ಏನು ಹೇಳ್ಲಿ, ಅಂದ, ಬಿಂದುಶ್ರೀ ಹೆಸರು ಹೇಳು, ಅಂದಳು, ತನ್ನ ದನಿಯೇ ತನಗೆ ಹಗುರವಾಗಿ ಕೇಳಿಸಿತು, ಮೇಡಂ, ಅಂದನವನು, ಹೇಳು ಅಂದೆನಲ್ಲ, ಈ ಊರಿನ ಸೊಸೆ ಬಿಂದುಶ್ರೀ, ಅವನು ಬಾಯಿ ಬಿಟ್ಟುಕೊಂಡೇ ಹಿಂದೆ ಸರಿದ, ಬಿಂದುಶ್ರೀಯ ಕೈ ಎದೆಯ ಮೇಲೆ ಹೋಯಿತು, ಇನ್ನು ಏಳಬೇಕು, ಏಳುವ ಮೊದಲು ಮಗಳು ಮಡಿಲಿನಿಂದ ಒಂದು ಹಿಡಿ ತೆಗೆದು ವಾಪಸು ಕೊಡಬೇಕು, ತವರುಮನೆ ಬರಿದಾಗಬಾರದು, ಅವ್ವನೂ ಕೊಡಿಸಿಕೊಳ್ಳುತ್ತಿದ್ದಳು, ಆಂಜಿನಮ್ಮ ಅದಕ್ಕೇ ಕೈ ಚಾಚಿದ್ದಾಳೆ, ಒಂದು ಹಿಡಿ ಹಾಕವ್ವ, ಅನ್ನುತ್ತಿದ್ದಾಳೆ, ಅದೇ ಕೈ, ಮೂಗಿನ ನೇರಕ್ಕೆ ತಿರುಗಿದ್ದು, ಕೊಡ ಹೊರಿಸಿದ್ದು, ಬಾಗಿಲಲ್ಲಿ ನಿಂತು ಬೈದದ್ದು, ಈಗ ಅಂಗಾತ ಬಿಚ್ಚಿಕೊಂಡಿದೆ, ಗೆರೆಗೆರೆಯಲ್ಲಿ ಅಕ್ಕಿಯ ಬಿಳಿ ಹುಡಿ, ಹಿಡಿ ತುಂಬಿಕೊಂಡ ತನ್ನ ಮುಷ್ಟಿ ಮೇಲೆ ಬರಲೊಲ್ಲದು, ಕೊಡಬೇಕು, ಕೊಡುತ್ತಾಳೆ, ಕೊಟ್ಟರೆ ಏಳಬೇಕು, ಇನ್ನೊಂದು ಗಳಿಗೆ, ಒಂದೇ ಗಳಿಗೆ, ಆ ಕೈ, ಮುಂದೆ ಚಾಚಿ ಕಾಯುತ್ತಿರುವ ಆ ಕೈ —